ಕದ್ದ ಉಪ್ಪು

ಉಪ್ಪಿನ ಮಾಪಕ ಎಂದರೆ ಇಷ್ಟೇ, ಪೆನ್ನಿನುದ್ದ,
ತುದಿಯಲ್ಲಿ ಎರಡು ಲೋಹದ ಹಲ್ಲು.
ಆರೋಗ್ಯ ಕೇಂದ್ರದ ನರ್ಸಮ್ಮ ಕೈಗಿತ್ತು ಹೇಳಿದಳು:
ಮನೆಮನೆಗೆ ಹೋಗಿ, ಸಾರಿನಲ್ಲಿ ಅದ್ದಿ,
ಅಂಕಿ ಬರೆದುಕೊಳ್ಳಿ. ಯಾರನ್ನೂ ಬೈಯಬೇಡಿ.

ಚಿಕುಮಾ ಹೊಳೆಯ ಈಚೆ ದಡದಲ್ಲಿ ಐವತ್ತಮೂರು ಮನೆ.
ಹಿಮ ಮೆತ್ತಿದ ಬೂಟು ಹೊಸಿಲಲ್ಲಿ ಕಳಚಿ
ನೆರೆಯವರ ಮಿಸೊ ಸಾರಿನೊಳಗೆ ಇಣುಕಿದೆ.
ಉತ್ತರಪತ್ರಿಕೆ ಮರೆಮಾಚುವ ಮಕ್ಕಳ ಹಾಗೆ
ಬಟ್ಟಲಿಗೆ ಅಂಗೈ ಅಡ್ಡ ಹಿಡಿದು ನಕ್ಕರು ಹೆಂಗಸರು.
ಸೇಬುತೋಟದ ಇನಾಗಾಕಿಯವರಲ್ಲಿ ನೂರಕ್ಕೆ ಒಂದೂವರೆ.
ಅಂಚೆಯ ಮೋರಿಶಿಗೆಯವರಲ್ಲಿ ಇನ್ನೂ ಸ್ವಲ್ಪ ಮೇಲೆ.
ಎಲ್ಲರನ್ನೂ ಮೀರಿಸಿದ್ದು ನಮ್ಮದೇ ಸಾರು,
ಅತ್ತೆಯ ಅಳತೆಯಲ್ಲಿ ನಾನೇ ಮಾಡಿದ್ದು.

ಅತ್ತೆ ಕುಮೆ ಅಂಕಿಯತ್ತ ನೋಡಲೂ ಇಲ್ಲ.
'ಐದು ತಿಂಗಳು ಹಿಮದಡಿಯಲ್ಲಿ ನಮ್ಮ ಜೀವ ಹಿಡಿದದ್ದು
ಈ ಸೊಪ್ಪಿನ ಪೀಪಾಯಿ, ಈ ಉಪ್ಪು.
ನಿನ್ನ ಕಡ್ಡಿಯಲ್ಲ.'
ನಿಜವೇ. ಉಪ್ಪಿನ ಋಣ ದೊಡ್ಡದು.
ಮಾವ ಅದನ್ನು ತೀರಿಸಿದ್ದು ಐವತ್ತೆಂಟಕ್ಕೆ,
ಒಂದು ಬೆಳಗಿನ ಜಾವ, ಹೊರಗಿನ ಕೊರೆವ ಕಕ್ಕಸಿನಲ್ಲಿ,
ಬಾಯಿ ಒಂದು ಕಡೆಗೆ ಎಳೆದುಕೊಂಡು.
ಆ ಸಾವು ನಮ್ಮ ಸಾಲಿನಲ್ಲಿ ಎಷ್ಟು ಮನೆಗೆ ಬಂದಿತ್ತೆಂದರೆ
ಹೇಗಾಯಿತು ಎಂದು ಕೇಳುವ ರೂಢಿಯೇ ಇರಲಿಲ್ಲ.

ಹಾಗಾಗಿ ಕದಿಯಲು ಕಲಿತೆ.
ಮೊದಲ ತಿಂಗಳು ಉಗುರಿನ ತುದಿಯಷ್ಟು.
ಮಿಸೊ ಕಡಿಮೆ ಮಾಡಿ ಒಂದು ಹಿಡಿ ಅಣಬೆ,
ಮೂಲಂಗಿ, ಅದರ ಸೊಪ್ಪೂ, ಗಜ್ಜರಿ, ತೋಫು.
ಬಟ್ಟಲು ಎಷ್ಟು ಕಿಕ್ಕಿರಿಯಿತೆಂದರೆ
ನೀರಿಗೇ ಜಾಗವಿಲ್ಲ, ಉಪ್ಪಿಗೆ ಇನ್ನೆಲ್ಲಿ.
ಸೋಯಾ ಬಾಟಲಿ ಮೇಜಿನಿಂದ ಕಪಾಟಿಗೆ,
ಮರುವರ್ಷ ಕಪಾಟಿನ ಮೇಲ್ಗಡೆಗೆ
(ಎದ್ದು ತರುವ ಸೋಮಾರಿತನವೂ ಒಂದು ಔಷಧಿ).
ನಾಲಿಗೆ ಮುದಿ ಎತ್ತು. ಜಗ್ಗಿದರೆ ಕಾಲೂರಿ ನಿಲ್ಲುತ್ತದೆ.
ಹಗ್ಗ ಸಡಿಲ ಬಿಟ್ಟು ಜೊತೆಗೆ ನಡೆದರೆ
ತಿರುವು ದಾಟಿದ್ದು ಅದಕ್ಕೇ ಗೊತ್ತಾಗುವುದಿಲ್ಲ.

ಹನ್ನೊಂದು ವರ್ಷ.
ಅತ್ತೆ ಬಟ್ಟಲೆತ್ತಿ ಕುಡಿದಳು, ತಳ ಕಾಣುವವರೆಗೆ.
ಒಮ್ಮೆಯೂ ಹುಬ್ಬು ಗಂಟಿಕ್ಕಲಿಲ್ಲ.
ಗೆದ್ದೆ ಅಂದುಕೊಂಡೆ.

ತೊಂಬತ್ತೊಂದು ತುಂಬಿದ ಚಳಿಗಾಲ, ಅದೇ ಕೊನೆಯದು,
ಗಂಜಿ ಕುಡಿಸುತ್ತಿದ್ದವಳ ಮಣಿಕಟ್ಟು ಹಿಡಿದು ಕೇಳಿದಳು:
'ಮಿತ್ಸು, ಅಷ್ಟು ವರ್ಷ ಕದ್ದೆಯಲ್ಲ,
ಆ ಉಪ್ಪನ್ನೆಲ್ಲ ಎಲ್ಲಿಟ್ಟೆ?'

ಚಮಚ ನನ್ನ ಕೈಯಲ್ಲೇ ತಣ್ಣಗಾಯಿತು.
ಅವಳು ಮತ್ತೆ ಬಾಯಿ ತೆರೆದಳು, ಇನ್ನೊಂದು ತುತ್ತಿಗೆ.

ಈಗ ನನಗೆ ಎಪ್ಪತ್ತೆಂಟು.
ಮರಿಮಗ ರಿನ್ತಾರೊಗೆ ಇವತ್ತು ಕುಂಬಳದ ಗಂಜಿ.
'ಸಪ್ಪೆ ಅಲ್ಲವಾ ಅಜ್ಜಿ, ಚೂರು ಹಾಕಲಾ?'
ಅವನ ತಾಯಿ ಕೇಳುತ್ತಾಳೆ.
ಸಪ್ಪೆ ನಮಗೆ ಕಣೇ. ಅವನಿಗೆ
ಕುಂಬಳ ಕುಂಬಳದ ಹಾಗಿದೆ, ಅಕ್ಕಿ ಅಕ್ಕಿಯ ಹಾಗಿದೆ.
ಯಾರ ಅಂಗಡಿಯಲ್ಲೂ ಇನ್ನೂ ಸಾಲ ಬರೆಸಿಲ್ಲ ಆ ನಾಲಿಗೆ.
ನೋಡು,
ಕೆಳಗೆ ಹೊಸದಾಗಿ ಮೂಡಿದ ಎರಡು ಹಲ್ಲು
ನನ್ನ ಚಮಚ ಕಚ್ಚಿ ಹಿಡಿದು
ಅಳೆಯುತ್ತಿವೆ.