ತಗಡಿನ ನೆರಿಗೆ

ಮೊದಲು ಕಂಡದ್ದು ಗೋಡೆಯಲ್ಲಲ್ಲ,
ಉದ್ದಿನ ಹಿಟ್ಟಿನ ಮೂಟೆಯಲ್ಲಿ.
ಒಳಗೆ ಕೈ ಹಾಕಿದ ಚೆಲುವಾಜಮ್ಮ
ಮುಷ್ಟಿ ಬಿಚ್ಚಿದರೆ ಹಿಟ್ಟು ಉದುರಲಿಲ್ಲ,
ಬೆರಳಿನ ಗುರುತು ಹೊತ್ತು ಹಾಗೇ ಕೂತಿತ್ತು.

ಆಮೇಲೆ ತಲೆ ಎತ್ತಿದೆವು.
ಮಂಡ್ಯದ ಗುತ್ತಲು ರಸ್ತೆಯ ಅವಳ ಮನೆಯ ಹಿಂಗೋಡೆ
ಸೂರಿನಿಂದ ಸೊಂಟದವರೆಗೆ
ಬೆವೆತ ರವಿಕೆಯ ಬೆನ್ನು.

ಅದರ ಮೇಲೆ, ಹೊರಗೆ, ನಮ್ಮ ಅಟ್ಟಣೆ.
ಅಂಗಳದ ಬಿಸಿಲು ಹಪ್ಪಳಕ್ಕೆ ಸಾಲದೆಂದು
ಐದು ಜನ ಚೀಟಿ ಎತ್ತಿ ಕಟ್ಟಿಸಿದ್ದು:
ಕಬ್ಬಿಣದ ಕಾಲು, ಮತ್ತಿ ಮರದ ಹಲಗೆ,
ಒಂದು ಪಕ್ಕ ಕಾಲಿಲ್ಲ, ಗೋಡೆಯೇ ಆಸರೆ.
ಹನ್ನೊಂದು ಬೋಲ್ಟು ಹೊಡೆದು
ಉದ್ದದ ಮರದ ಪಟ್ಟಿಯನ್ನು ಗೋಡೆಗೆ ಬಿಗಿದವನು ನಂಜಾಚಾರಿ.
"ಆನೆ ಹತ್ತಿದ್ರೂ ಅಲ್ಲಾಡಕಿಲ್ಲ" ಅಂದಿದ್ದ.
ಸುಳ್ಳಲ್ಲ. ಅಲ್ಲಾಡಲಿಲ್ಲ.
ಆನೆಯ ಮಾತಾಯಿತು,
ಹನಿಯ ಮಾತು ಯಾರೂ ಎತ್ತಿರಲಿಲ್ಲ.

ಸಿಮೆಂಟು ಮೆತ್ತಿಸಿದೆವು. ಶಿವರಾತ್ರಿ ಬಿಸಿಲಿಗೆ
ಮರ ಒಣಗಿ ಸರಿಯಿತು, ಸಿಮೆಂಟು ಅಲ್ಲೇ ಉಳಿಯಿತು,
ನಡುವಿನ ಸೀಳಿನಲ್ಲಿ ಇರುವೆ ಸಾಲುಗಟ್ಟಿತು.
ಡಾಂಬರು ಬಳಿಯುವ ಉಪಾಯ ಯಾರದೋ,
ಈಗ ಯಾರೂ ಒಪ್ಪಿಕೊಳ್ಳುವುದಿಲ್ಲ;
ಒಂದು ವಾರ ಹಪ್ಪಳದಲ್ಲಿ
ಜೀರಿಗೆಯ ಜೊತೆ ರಸ್ತೆಯ ವಾಸನೆ.

ಪೇಟೆಬೀದಿಯ ಇನಾಯತ್
ತೂತು ಬಿದ್ದ ಹಿಟ್ಟಿನ ಡಬ್ಬ ಬೆಸೆಯಲು ಒಯ್ಯಲಿಕ್ಕೆ ಬಂದವನು
ಗೋಡೆ ನೋಡಿ ನಿಂತ.
ಮೇಲೆ ಹತ್ತಿ, ಪಟ್ಟಿಯ ಹಿಂದೆ
ಪೊರಕೆ ಕಡ್ಡಿ ತೂರಿಸಿ, ಎಳೆದು, ಮೂಸಿದ:
"ನೀರು ಇಲ್ಲಿ ಮನೆ ಮಾಡದೆ ಅಕ್ಕಾ.
ಆಚೆ ಹೋಗಕ್ಕೆ ದಾರಿ ಇಲ್ಲ, ಒಳೀಕೆ ಬತ್ತಾ ಅದೆ."

ಬಿಚ್ಚಿಸಿದ. ಪಟ್ಟಿಯ ಬೆನ್ನು ಕಪ್ಪಗೆ,
ಉಗುರೂರಿದರೆ ಇಳಿಯುವಷ್ಟು ಮೆತ್ತಗೆ.
ಬೋಲ್ಟಿನ ಕೊರಳಿಗೆಲ್ಲ ತುಕ್ಕಿನ ಕೆಂಪು ದಾರ.
ನಂಜಾಚಾರಿ ಆಚೆ ಮುಖ ಮಾಡಿ ಬೀಡಿ ಹಚ್ಚಿದ.
ಇನಾಯತ್ ಏನೂ ಅನ್ನಲಿಲ್ಲ,
ಬೆಂಕಿಪೊಟ್ಟಣ ಕೇಳಿದ.

ಹೊಸ ಪಟ್ಟಿ. ಗೋಡೆಗೂ ಅದಕ್ಕೂ ನಡುವೆ
ಬೋಲ್ಟಿಗೊಂದು ದಪ್ಪ ವಾಷರು,
ಬಿಗಿ ಬೇಡ, ಗಾಳಿಯಾಡಲಿ ಎಂದು.
ನಾಲ್ಕು ಬೆರಳು ಮೇಲೆ ಗಾರೆ ಕೊರೆದು ಒಂದು ಗೀರು,
ಗೀರಿನೊಳಗೆ ಸತುವಿನ ತಗಡಿನ ಅಂಚು,
ಅಲ್ಲಿಂದ ಗೋಡೆಗುಂಟ ಇಳಿದು, ಪಟ್ಟಿಯ ತಲೆ ದಾಟಿ,
ತುದಿಯಲ್ಲಿ ಒಂಚೂರು ಹೊರಕ್ಕೆ ತುಟಿ.
ಮಡಿಕೆಗೆ ಮಡಿಕೆ ಕೂರಿಸುತ್ತ ಅವನ ಹೆಬ್ಬೆರಳು
ನೆರಿಗೆ ಹಿಡಿಯುವ ಹಾಗೆ ಸರಿಯುತ್ತಿತ್ತು.
"ನಂಗಿಂತ ಚೆಂದಾಗಿ ಉಡಿಸ್ತಾನೆ ಕಣೇ" ಅಂದಳು ಸಾಕಮ್ಮ.

ನನಗೆ ನೆನಪಾದದ್ದು ಸೀರೆಯಲ್ಲ,
ಗುಡಿಸಲಿಗೆ ಸೋಗೆ ಹೊದಿಸುತ್ತಿದ್ದ ನನ್ನಜ್ಜಿ.
ಕೆಳಗಿನ ಸಾಲು ಮೊದಲು, ಮೇಲಿನದು ಆಮೇಲೆ;
ತಿರುವುಮುರುವು ಮಾಡಿದ ನನ್ನ ಕೈಗೊಂದು ಏಟು:
"ಮ್ಯಾಲಿಂದು ಕೆಳಗಿಂದುನ್ನ ಹೊದೀಬೇಕು ಕಣ್ ಮಗ,
ಇಲ್ದಿದ್ರೆ ಮಳೆ ಒಳಕ್ಕೆ ಬಂದು ಕುಂತ್ಕತದೆ."
ಅಜ್ಜಿಗೆ ತಗಡು ಗೊತ್ತಿರಲಿಲ್ಲ,
ಇನಾಯತ್‌ಗೆ ಸೋಗೆ ಗೊತ್ತಿಲ್ಲ,
ನೀರಿಗೆ ಇಬ್ಬರೂ ಗೊತ್ತು.

ಮಳೆಗೆ ಕಾಯುವ ವ್ಯವಧಾನ ಯಾರಿಗಿತ್ತು?
ಏಳು ಕೊಡ ನೀರು ಹೊತ್ತು ಮೇಲೆ ಹತ್ತಿದೆವು.
ಕೆಳಗೆ ಕತ್ತಲ ಕೋಣೆಯಲ್ಲಿ ಚೆಲುವಾಜಮ್ಮ
ಗೋಡೆಗೆ ಅಂಗೈ ಆನಿಸಿ
ಮಗುವಿನ ಜ್ವರ ನೋಡುವ ಹಾಗೆ.
ಹುಯ್ದೆವು. ತಗಡು ಗಡಗಡ ಅಂತು.
ನೀರು ತುಟಿಯ ತುದಿಗೆ ಬಂದು, ಯೋಚಿಸಿ,
ಹೊರಕ್ಕೆ ಹಾರಿತು,
ಪಕ್ಕದ ಮನೆಯವರು ಒಣಹಾಕಿದ ಪಂಚೆಯ ಮೇಲೆ.
ಅದು ಬೇರೆ ಜಗಳ.

"ಬಂತಾ?"
"ಇಲ್ಲ."
ಮೂರನೆಯ ಕೊಡ. "ಬಂತೇನೇ?"
"ಇಲ್ಲ ಕಣ್ರೇ."

ಏಳೂ ಮುಗಿದವು.
ನಂಜಾಚಾರಿ ಸ್ಪಾನರ್ ಒರೆಸಿ ಚೀಲಕ್ಕಿಳಿಸಿದ,
ಇನಾಯತ್ ಡಬ್ಬ ತಲೆಗೇರಿಸಿಕೊಂಡ.
ಕೆಳಗಿನಿಂದ ದನಿ:

"ಇನ್ನೊಂದು ಕೊಡ ಹುಯ್ರೇ.
ಆ ಕೊನೇ ಬೋಲ್ಟಿನ ಮ್ಯಾಲೆ ಹುಯ್ರೇ."