ಕಡೇ ಗದ್ದೆ

ನೂರ ಹನ್ನೆರಡು ಬಿಳಿ ಪೆಟ್ಟಿಗೆಗಳು.
ಬಾಗಿಲಿಗೆ ಬೀಗ, ಮೈಗೆ ಸಂಖ್ಯೆ, ಒಳಗೆ ಬಿಸಿಲು.
ಪಾವಗಡದ ಕಡೆಯಿಂದ ತಂತಿ ಹಿಡಿದು ಬಂದ ಮಧ್ಯಾಹ್ನ
ಈಗ ರಾತ್ರಿ ಹತ್ತಕ್ಕೆ
ಬಂಡೆಯ ಮೇಲಿನ ಓತಿಕೇತದ ಹಾಗೆ
ಅಲ್ಲಾಡದೆ ಕೂತಿದೆ.

ಪಕ್ಕದಲ್ಲಿ ಕಿಟಕಿಯಿಲ್ಲದ ಕಟ್ಟಡ.
ಊರಿನ ಮದುವೆ ಫೋಟೋಗಳು, ಪಹಣಿ, ಬ್ಯಾಂಕಿನ ಬಾಕಿ,
ಯಾರೋ ಯಾರಿಗೋ ಕಳಿಸಿ ಅಳಿಸಿದ್ದು,
ಎಲ್ಲ ಅದರ ಹೊಟ್ಟೆಯಲ್ಲಿ.
ಅದಕ್ಕೆ ನಿದ್ದೆಯಿಲ್ಲ, ಹಸಿವಿಗೂ ಹೊತ್ತುಗೊತ್ತಿಲ್ಲ.
ಹಿಂಬದಿಯ ಜಾಲರಿಯಿಂದ ಅದು ಬಿಡುವ ಬಿಸಿಯುಸಿರಿಗೆ
ಹೌಸ್‌ಕೀಪಿಂಗಿನ ಆರೋಕ್ಯಮೇರಿ
ಆಷಾಢದಲ್ಲೂ ಸಂಡಿಗೆ ಒಣಗಿಸುತ್ತಾಳೆ.
ಸೇಫ್ಟಿ ಆಫೀಸರು ಕಂಡೂ ಕಾಣದ ಹಾಗೆ
ಬಳಸಿಕೊಂಡು ಹೋಗುತ್ತಾರೆ;
ಕರಿದಾಗ ಅವರಿಗೂ ಒಂದು ಡಬ್ಬಿ.

ನನ್ನ ಕೆಲಸ ನೋಡುವುದು.
ಎಷ್ಟು ತುಂಬಿದೆ, ಎಷ್ಟು ಕಾದಿದೆ,
ಯಾವ ಪೆಟ್ಟಿಗೆ ಮುನಿಸಿಕೊಂಡಿದೆ.
ಐವತ್ತೇಳು ಯಾವಾಗಲೂ ಒಂದು ಡಿಗ್ರಿ ಹೆಚ್ಚು.
ಜ್ವರ ಬಿಟ್ಟೂ ಬಿಡದ ಮಗುವೇನೋ ಎಂಬಂತೆ
ಅದರ ಮುಂದೆ ಒಂದು ಸುತ್ತು ಹೆಚ್ಚಿಗೆ ಹೋಗಿಬರುತ್ತೇನೆ.

ಈ ಜಾಗ ಒಂದು ಕಾಲಕ್ಕೆ ಕೆರೆಯ ಅಚ್ಚುಕಟ್ಟು.
ಆ ಕೆರೆಯ ನೀರುಗಂಟಿ ನಮ್ಮ ತಾತ, ಪಿಳ್ಳಪ್ಪ.
ಇಂಟರ್‌ವ್ಯೂನಲ್ಲಿ ಇದನ್ನು ಹೇಳಲಿಲ್ಲ,
ಐಟಿಐ ಅಂಕಪಟ್ಟಿ ಮಾತ್ರ ತೋರಿಸಿದೆ.
ಸೊಂಟದುದ್ದ ನೀರಲ್ಲಿ ನಿಂತು
ತೂಬಿನ ಬೆಣೆ ಎತ್ತುತ್ತಿದ್ದ.
ಮೂರು ಬೆರಳೋ, ಒಂದು ಗೇಣೋ,
ಆ ವರ್ಷದ ಮಳೆ ಅವನ ಕೈಗೆ ಗೊತ್ತಿತ್ತು.
"ನೀರು ಕಮ್ಮಿಯಾದ ವರ್ಷ
ಕಡೇ ಗದ್ದೆಗೆ ಮೊದ್ಲು ಕಣಮ್ಮ.
ತೂಬಿನ ಬಾಯಲ್ಲಿರೋನು ಹೆಂಗೂ ಕುಡೀತಾನೆ,
ನಾವು ಕಣ್ಣು ಮುಚ್ಚಿದಾಗ."

ಈಗ ಬೆಣೆ ಎತ್ತುವುದು ಸಾಫ್ಟ್‌ವೇರು.

ಮೊನ್ನೆ ಮಳೆಗಿಂತ ಮೊದಲು ಗಾಳಿ ಬಂತು.
ಹೊಸಕೋಟೆ ಕಡೆಯ ಲೈನು ಹರಿದುಬಿತ್ತು.
ಪರದೆಯ ಮೇಲೆ ಕಾಡುಗೋಡಿ, ಚನ್ನಸಂದ್ರ, ಹೂಡಿ,
ನೀರು ಚಿಮುಕಿಸಿದ ಕೆಂಡದ ಹಾಗೆ
ಒಂದೊಂದೇ ಆರಿದವು.
ಫೋನಿನಲ್ಲಿ ದಣಿದ ದನಿ:
"ಮೇಡಂ, ಇಪ್ಪತ್ತು ಮೆಗಾವ್ಯಾಟು, ಎರಡು ಗಂಟೆ. ಆಗುತ್ತಾ?"
ಸಾಫ್ಟ್‌ವೇರಿನ ಸಲಹೆ ಹಸಿರು ಅಕ್ಷರದಲ್ಲಿ: ಇಟ್ಟುಕೊಳ್ಳಿ.
ಕಿಟಕಿಯಿಲ್ಲದವನಿಗೆ ಬೆಳಗಿನವರೆಗೆ ಬೇಕು.

ಒಳಗಿದ್ದ ಶಫೀವುಲ್ಲಾನಿಗೆ ಕೇಳಿದೆ:
ಅವಸರವಿಲ್ಲದ ಕೆಲಸ ಏನಾದರೂ ಇದೆಯಾ?
ಹುಡುಕಿದ. ಕೀಬೋರ್ಡಿನ ಸದ್ದು ನನಗೂ ಕೇಳುತ್ತಿತ್ತು.
"ಆರನೇ ಹಾಲಿನಲ್ಲಿ ಒಂದು
ಬೆಕ್ಕು ಯಾವುದು, ನಾಯಿ ಯಾವುದು ಅಂತ
ಹದಿನೈದು ದಿನದಿಂದ ಕಲೀತಾ ಇದೆ.
ಮಲಗ್ಲಿ ಬಿಡಿ ಅಕ್ಕ, ಬೆಳಗ್ಗೆ ಕಲೀಲಿ."

ಗುಂಡಿ ಒತ್ತಿದೆ.
ಬೆಣೆಯ ಭಾರ ಅದಕ್ಕಿಲ್ಲ,
ಒದ್ದೆ ಕಟ್ಟಿಗೆಯ ವಾಸನೆಯಿಲ್ಲ,
ಕಾಲಿಗೆ ತಾಗಿ ಓಡುವ ಮೀನಿಲ್ಲ.
ಪೆಟ್ಟಿಗೆಗಳ ಗುಂಯ್ ಅರ್ಧ ಸ್ವರ ಏರಿತು, ಅಷ್ಟೆ.

ಟೆರೇಸು ಹತ್ತಿ ನೋಡಿದೆ.
ಮೊದಲು ಹೊತ್ತಿಕೊಂಡದ್ದು ಮೂವತ್ತು ಅಡಿಯ ಜಾಹೀರಾತು:
ಕೆರೆ ಕಾಣುವ ಮೂರು ಬೆಡ್‌ರೂಮಿನ ಮನೆಗಳು.
ಆಮೇಲೆ ಬೀದಿ ದೀಪ, ಆಮೇಲೆ
ರೈಲು ಹಳಿಯಾಚೆಯ ಶೀಟಿನ ಮನೆಗಳ ಸಾಲು,
ಯಾವುದೋ ಒಂದರಲ್ಲಿ ಮಿಕ್ಸಿ.
ತಂತಿಗೆ ಗದ್ದೆಯ ಹೆಸರು ಗೊತ್ತಿಲ್ಲ, ತಾತ.
ಬದುವಿನ ಮೇಲೆ ಹಾರೆ ಹಿಡಿದು ನಡೆಯಲಾರೆ.
ಯಾರು ಕುಡಿದರೆಂದು ಕೇಳಿದರೆ
ಮೀಟರು ಮೊತ್ತ ಮಾತ್ರ ಹೇಳುತ್ತದೆ.

ಬೆಳಗಿನ ವರದಿಯಲ್ಲಿ ಒಂದು ಖಾನೆ: ಸಲಹೆ ಮೀರಿದ ಕಾರಣ.
ಎಂಬತ್ತು ಅಕ್ಷರ ಮೀರಬಾರದು.
'ಕಡೇ ಗದ್ದೆ' ಎಂದು ಬರೆದೆ.
ಅಳಿಸಿದೆ.
'ಬೇಡಿಕೆಯ ಮೇರೆಗೆ' ಎಂದು ಬರೆದೆ.

ಆರೂವರೆಗೆ ಹೊಸ ಬಿಸಿಲು
ಸೊನ್ನೆ ಬಿಂದು ಒಂದು, ಬಿಂದು ಎರಡು ಎಂದು
ಒಳಗೆ ಇಳಿಯತೊಡಗಿತು.
ಆರೋಕ್ಯಮೇರಿ ತಟ್ಟೆ ಎತ್ತಿಕೊಂಡು ಬಂದಳು,
ಬೆರಳಲ್ಲಿ ಒತ್ತಿ ತೋರಿಸಿದಳು:
"ರಾತ್ರಿ ಏನ್ ಮಾಡಿದ್ರಿ ನೀವು?
ನೋಡಿ, ಇನ್ನೂ ಹಸಿ."