ಮೊದಲು ಆವಿ

ಎರಡೂ ಕದ ತೆಗೆದಿಡು, ಅಫ್ರೋಜ್.
ಈ ಗ್ಯಾಸಿಗೆ ಬಣ್ಣವಿಲ್ಲ, ವಾಸನೆ ಇದ್ದೂ ಇಲ್ಲದ ಹಾಗೆ,
ಗಾಳಿಗಿಂತ ಭಾರ. ನೆಲ ಹಿಡಿದು ಬರುತ್ತೆ
ರಾತ್ರಿ ಗದ್ದೆಗೆ ಬಿಟ್ಟ ನೀರಿನಂತೆ, ಸದ್ದಿಲ್ಲದೆ.
ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತವನ ಉಸಿರು
ಅದಕ್ಕೆ ಮೊದಲು ಸಿಗೋದು.

ಕನ್ನಡಕ ಹಾಕ್ಕೋ. ಗ್ಲೌಸು. ಅದಲ್ಲ, ದಪ್ಪನೇದು.
ನನ್ನ ಈ ಬೆರಳಿನ ತುದಿ ನೋಡು, ಬೆಳ್ಳಗಿದೆಯಲ್ಲ,
ಒಂದೇ ಒಂದು ಹನಿ ದ್ರವ ಕೂತದ್ದು.
ಉಪ್ಪಿನಕಾಯಿ ಕಲೆಸುವಾಗ ಇವತ್ತಿಗೂ
ಅದಕ್ಕೆ ಖಾರ ಗೊತ್ತಾಗಲ್ಲ.

ಮದ್ದೂರು ದಾಟಿ ಒಳಕ್ಕೆ, ನಾಲೆ ಪಕ್ಕದ ಹಾಲಿನ ಕೇಂದ್ರ.
ರಾತ್ರಿ ಹನ್ನೊಂದೂಕಾಲು.
ಬೆಳಿಗ್ಗೆ ಆರಕ್ಕೆ ಮೊದಲ ಕ್ಯಾನು.
ಚಲುವೇಗೌಡರು ಮೂರನೇ ಸಲ ಇಣುಕಿದರು:
"ಸಿಲಿಂಡರು ಬೋರಲು ಹಾಕ್ಬುಟ್ಟು ಒಂದೇ ಏಟ್ಗೆ ನೂಕಿ ಸ್ವಾಮಿ,
ನಿಮ್ ಗೇಜು ನೋಡ್ಕಂಡು ಹಾಲು ಕಾಯ್ತದಾ?"

ಕಾಯಲ್ಲ, ಗೌಡ್ರೇ. ಗೊತ್ತು.

ನಿನ್ನೆ ಬೆಸುಗೆ ಹಾಕಿ, ನೈಟ್ರೋಜನ್ ತುಂಬಿ,
ಸೋಪಿನ ನೊರೆ ಸವರಿ, ಗುಳ್ಳೆ ಏಳದ್ದು ಕಂಡು,
ಆಮೇಲೆ ಗಾಳಿ, ತೇವ ಎಲ್ಲ ಹೀರಿಸಿ
ಐನೂರು ಮೈಕ್ರಾನಿನ ಕೆಳಕ್ಕಿಳಿಸಿ
ಅರ್ಧ ಗಂಟೆ ಕೈಕಟ್ಟಿ ನಿಂತೆವು. ಅಂಕಿ ಮೇಲೇರಲಿಲ್ಲ.
ಈಗ ಅದರೊಳಗೆ ಏನೂ ಇಲ್ಲ.
ಆ ಏನೂ ಇಲ್ಲದ್ದಕ್ಕೇ ಹೆದರಬೇಕು ಮಗ.
ಅಲ್ಲಿಗೆ ದ್ರವ ಬಿದ್ದರೆ ಆ ಗಳಿಗೆಯೇ ಕುದ್ದು
ಸುತ್ತಲ ಬಿಸಿಯನ್ನೆಲ್ಲ ಕಿತ್ತುಕೊಳ್ಳುತ್ತೆ.
ಅವರೆ ಸಿಪ್ಪೆಯಷ್ಟು ತಾಮ್ರದ ಆಚೆ ನೀರು.
ನಿಂತ ನೀರು ಹೆಪ್ಪುಗಟ್ಟಿ ಹಿಗ್ಗಿದರೆ
ತಾಮ್ರ ಯಾವ ಲೆಕ್ಕ.

ಅದಕ್ಕೇ ಮೊದಲು ನೀರಿನ ಪಂಪು. ಹಾಕು.
ಪೈಪಿನ ಮೇಲೆ ಕೈಯಿಡು. ಓಡ್ತಿದೆಯಾ?
ಬೋರ್ಡಿನ ಹಸಿರು ದೀಪ ಸುಳ್ಳು ಹೇಳಿದ್ದುಂಟು.

ನಮ್ಮಪ್ಪ ನೀರಗಂಟಿ.
ಬೇಸಿಗೆಯೆಲ್ಲ ಒಣಗಿದ ಕಾಲುವೆಗೆ ಮೊದಲ ದಿನ
ತೂಬನ್ನು ಗೇಣುದ್ದವೂ ಎತ್ತುತ್ತಿರಲಿಲ್ಲ.
"ಒಣಮಣ್ಣು ಬಾಯಿ ಬುಟ್ಕಂಡದೆ. ವಸಿ ವಸಿ ಕುಡಿಸ್ಬೇಕು.
ಒಟ್ಗೇ ಬುಟ್ರೆ ಏರಿ ಕಿತ್ಕಂಡೋಯ್ತದೆ."
ಕೆಳಗದ್ದೆಯವರು ಕೂಗಾಡುತ್ತಿದ್ದರು.
ಅಪ್ಪ ಬೀಡಿ ಹಚ್ಚುತ್ತಿದ್ದ.

ಸಿಲಿಂಡರು ನೆಟ್ಟಗೆ, ತಕ್ಕಡಿ ಮೇಲೆ. ತೂಕ ಬರಕೋ.
ಹೋಸಿನೊಳಗಿನ ಗಾಳಿ ತೆಗೆದೆಯಾ? ಸರಿ.
ಮೇಲಿನ ಆವಿ ಮಾತ್ರ. ವಾಲ್ವು ಕಾಲು ಸುತ್ತು.
ಕೇಳಿಸ್ತಾ, ಹಸು ಮೂಸಿದಂಥ ಸದ್ದು?
ಐದು. ಹನ್ನೆರಡು.
ಸಿಲಿಂಡರು ಬೆವರುತ್ತೆ, ತಣ್ಣಗಾಗಿ ಸೊರಗುತ್ತೆ.
ಬೆಂಕಿ ತೋರಿಸೋ ಯೋಚನೆ ಬೇಡ,
ಎಳೆಗೂಸಿನ ಕಾಲು ತೊಳೆಯೋವಷ್ಟು ಬೆಚ್ಚನೆ ನೀರು ಸಾಕು.
ಇಪ್ಪತ್ತು.
ಇಪ್ಪತ್ತೆಂಟು. ಇಲ್ಲೇ ಮಂಜಿನ ಹೊಸ್ತಿಲು.
ಮೂವತ್ತೈದು ದಾಟಲಿ. ಆಮೇಲೆ ದ್ರವ,
ಅದೂ ದ್ರವದ ಲೈನಿಗೆ. ಕಂಪ್ರೆಸರಿನ ಬಾಯಿಗೆ ಸುರೀಬೇಡ.
ಫಲಕದಲ್ಲಿ ಕೊರೆದದ್ದು ಐವತ್ತೆಂಟು ಕೆಜಿ.
ಇನ್ನೊಂದು ಇರಲಿ ಅನ್ನೋಕೆ ಇದು ಬೀಗರ ಊಟವಲ್ಲ.

"ಒಡೆದಿದ್ದು ನೋಡಿದೀರಾ ಸಾರ್?"

ನೋಡಿದೀನಿ.
ಮೈಸೂರು, ಹೆಬ್ಬಾಳದ ಒಂದು ಕಾರ್ಖಾನೆ. ಭಾನುವಾರ.
ಅವತ್ತು ಸಂಜೆ ಅವನ ಮಗಳಿಗೆ ಹೆಸರಿಡೋದಿತ್ತು.
ಪಂಪಿನ ಫ್ಯೂಸು ಹೋಗಿತ್ತು. ಇರಲಿ ಬಿಡು ಅಂದ.
ಬೋರಲು ಹಾಕಿ, ವಾಲ್ವು ಪೂರಾ ತೆಗೆದ.
ಕಬ್ಬು ಮುರಿದಂಥ ಸದ್ದು, ಒಂದಾದ ಮೇಲೊಂದು.
ಹತ್ತೊಂಬತ್ತು ಕೊಳವೆ.
ನೀರು ಒಳಗೊಳಗೇ ಕಂಪ್ರೆಸರಿನವರೆಗೂ ನಡೆದುಹೋಗಿತ್ತು.
ಯಂತ್ರ ಹಳೆಯದು, ಕೊಳವೆ ಸವೆದಿತ್ತು ಅಂತ ವರದಿಯಾಯಿತು.
ವರದಿ ಬರೆದವನಿಗೆ ಆಮೇಲೆ ಬಡ್ತಿ ಕೊಟ್ಟರು.
ಈ ಬೆರಳು ಅವನದೇ.

ಅಫ್ರೋಜ್ ಏನೂ ಅನ್ನಲಿಲ್ಲ.
ಗೌಡರು ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಮೂರು ಲೋಟ ಹಾಲು,
ಎಷ್ಟು ಹೊತ್ತಿನಿಂದಲೋ.

"ಮೂವತ್ತಾರು, ಸಾರ್. ತಿರುಗಿಸಲಾ?"
ಪಂಪು?
ಅವನು ಗೇಜಿನಿಂದ ಕಣ್ಣು ತೆಗೆದ,
ಗ್ಲೌಸು ಕಳಚಿ ನೀರಿನ ಪೈಪಿನ ಮೇಲೆ ಅಂಗೈ ಊರಿ
ಕಣ್ಣು ಮುಚ್ಚಿದ.
"ಓಡ್ತಾ ಇದೆ."